ಗ್ರಾಫಿಕ್ಸ್ ಕಾರ್ಡ್ ಒಂದನ್ನೇ ಬದಲಾಯಿಸಿದರೆ ಸಾಕಾ, ಇಡೀ ಪಿಸಿ ಬದಲಾಯಿಸಬೇಕಾ?

ಹಳೇಪಿಸಿ

ಎಲ್ಲರಿಗೂ ನಮಸ್ಕಾರ. ನನ್ನದು 2018ರಲ್ಲಿ ಜೋಡಿಸಿದ ಪಿಸಿ. ರೈಜೆನ್ 5 2600 ಪ್ರೊಸೆಸರ್, ಬಿ450 ಮದರ್‌ಬೋರ್ಡ್, 8 ಜಿಬಿಯ ಎರಡು ಡಿಡಿಆರ್4 ರ‍್ಯಾಮ್ ಸ್ಟಿಕ್, ಜಿಟಿಎಕ್ಸ್ 1060 6 ಜಿಬಿ ಕಾರ್ಡ್. ಪವರ್ ಸಪ್ಲೈ ಕ್ಯಾಬಿನೆಟ್ ಜೊತೆಗೇ ಬಂದದ್ದು, ಮೇಲೆ 500 ವ್ಯಾಟ್ ಎಂದು ಬರೆದಿದೆ. ಮಾನಿಟರ್ 1080ಪಿ, 144 ಹರ್ಟ್ಜ್.

ಹೊಸ ಗೇಮ್‌ಗಳಿಗೆ 1060 ಸಾಲುತ್ತಿಲ್ಲ. ಆರ್‌ಟಿಎಕ್ಸ್ 4060 ಹಾಕೋಣ ಎಂದುಕೊಂಡೆ. ಗೆಳೆಯನನ್ನು ಕೇಳಿದರೆ "ಅದು ಪಿಸಿಐಇ 4.0 ಕಾರ್ಡ್, ನಿನ್ನ ಬೋರ್ಡ್ 3.0, ಪ್ರೊಸೆಸರ್ ಬೇರೆ ಹಳೇದು, ಎಲ್ಲಾ ಬದಲಾಯಿಸು, ಇಲ್ಲಾಂದ್ರೆ ಕಾರ್ಡ್ ದಂಡ" ಎನ್ನುತ್ತಾನೆ. ಬೋರ್ಡ್, ಪ್ರೊಸೆಸರ್, ರ‍್ಯಾಮ್, ಸಪ್ಲೈ ಎಲ್ಲಾ ತೆಗೆದುಕೊಂಡರೆ ಕಾರ್ಡಿಗೇ ದುಡ್ಡು ಉಳಿಯುವುದಿಲ್ಲ. ನಿಜವಾಗಿ ಯಾವುದನ್ನು ಬದಲಾಯಿಸಲೇಬೇಕು, ಯಾವುದನ್ನು ಆಮೇಲೆ ನೋಡಿಕೊಳ್ಳಬಹುದು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳಿ.

ತಂತಿ_ಮೇಷ್ಟ್ರು

ನಿಮ್ಮ ಗೆಳೆಯರು ಎರಡು ಪ್ರಶ್ನೆಗಳನ್ನು ಒಂದು ಮಾಡಿದ್ದಾರೆ. ಕಾರ್ಡ್ ಈ ಪಿಸಿಯಲ್ಲಿ ಓಡುತ್ತದಾ ಎನ್ನುವುದು ಒಂದು. ಅದರ ಪೂರ್ತಿ ಕೆಲಸ ಸಿಗುತ್ತದಾ ಎನ್ನುವುದು ಇನ್ನೊಂದು.

ಓಡುತ್ತದೆ. ಪಿಸಿಐಇ ಅಂದರೆ ಕಾರ್ಡನ್ನು ಬೋರ್ಡಿಗೆ ಜೋಡಿಸುವ ಸ್ಲಾಟ್, 3.0, 4.0 ಅದರ ತಲೆಮಾರುಗಳು. 4.0 ಕಾರ್ಡ್ 3.0 ಸ್ಲಾಟಿನಲ್ಲಿ ಆರಾಮಾಗಿ ಕೂರುತ್ತದೆ, 3.0 ವೇಗದಲ್ಲಿ ಕೆಲಸ ಮಾಡುತ್ತದೆ ಅಷ್ಟೇ. ಕರೆಂಟಿನ ವಿಷಯದಲ್ಲೂ ಹೆದರಬೇಡಿ. 1060ಗೆ 120 ವ್ಯಾಟ್ ಬೇಕು, 4060ಗೆ 115 ಸಾಕು. ಅಂದರೆ ಈಗಿರುವುದಕ್ಕಿಂತ ಕಡಿಮೆ.

ಆದರೆ ನಿಮ್ಮ ಸಪ್ಲೈ ನನಗೆ ಸರಿ ಕಾಣುತ್ತಿಲ್ಲ. ಕ್ಯಾಬಿನೆಟ್ ಜೊತೆ ಬರುವ ಸಪ್ಲೈಗಳ ಮೇಲೆ ಬರೆದಿರುವ ವ್ಯಾಟ್ ಅನ್ನು ಹಾಗೇ ನಂಬಬೇಡಿ. ಬದಿಯಲ್ಲಿ ಒಂದು ಲೇಬಲ್ ಇರುತ್ತದೆ, ಅದರಲ್ಲಿ 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪ್ ಎಂದು ನೋಡಿ 12ರಿಂದ ಗುಣಿಸಿ. ಪ್ರೊಸೆಸರ್, ಕಾರ್ಡ್ ಎರಡೂ ಮುಖ್ಯವಾಗಿ ಆ ಸಾಲಿನಿಂದಲೇ ಕರೆಂಟ್ ಎಳೆಯುವುದು. ಒಳ್ಳೆ ಸಪ್ಲೈ ಆದರೆ ಗುಣಿಸಿದ ಲೆಕ್ಕ ಹೆಸರಿನ ವ್ಯಾಟ್ ಹತ್ತಿರ ಬರುತ್ತದೆ. ಕಾರ್ಡಿಗೆ ಹೋಗುವ ವೈರ್ 6 ಪಿನ್ನಿನದಾ 8 ಪಿನ್ನಿನದಾ ಅದನ್ನೂ ನೋಡಿ. ಸ್ಲಾಟಿನಿಂದ 75 ವ್ಯಾಟ್ ತನಕ ಸಿಗುತ್ತದೆ, 6 ಪಿನ್ನಿನಿಂದ ಇನ್ನು 75, 8 ಪಿನ್ನಿನಿಂದ 150. 4060 ಕಾರ್ಡುಗಳಲ್ಲಿ ಹೆಚ್ಚಿನವು 8 ಪಿನ್ ಕೇಳುತ್ತವೆ.

ಒಂದು ಎಚ್ಚರಿಕೆ. ಪ್ರೊಸೆಸರಿಗೂ ಒಂದು 8 ಪಿನ್ ವೈರ್ ಇರುತ್ತದೆ. ನೋಡಲು ಒಂದೇ ಥರ, ಆದರೆ ಅದು ಬೇರೆ. ಅದನ್ನು ಕಾರ್ಡಿಗೆ ತುರುಕಬೇಡಿ.

ನಿಶಾಚರ

ಮೇಷ್ಟ್ರು ಹೇಳಿದ್ದಕ್ಕೆ ನನ್ನ ಅನುಭವವನ್ನೂ ಸೇರಿಸುತ್ತೇನೆ. ನನ್ನ ಹಳೇ ಸಪ್ಲೈಯಲ್ಲಿ 8 ಪಿನ್ ಇರಲಿಲ್ಲ. ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ವೈರಿನಿಂದ 8 ಪಿನ್ ಮಾಡುವ ಅಡಾಪ್ಟರ್ ತಂದು ಹಾಕಿದೆ. ಎರಡು ವಾರ ಚೆನ್ನಾಗಿಯೇ ಓಡಿತು. ಒಂದು ರಾತ್ರಿ ಆಡುವಾಗ ಸುಟ್ಟ ವಾಸನೆ ಬಂತು, ತೆರೆದು ನೋಡಿದರೆ ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಆಮೇಲೆ ಲೆಕ್ಕ ಹಾಕಿದೆ. ಸಾಟಾ ಕನೆಕ್ಟರಿನ 12 ವೋಲ್ಟ್ ಸಾಲು ತಡೆದುಕೊಳ್ಳುವುದೇ 54 ವ್ಯಾಟ್, ಅದರ ಮೇಲೆ 150 ವ್ಯಾಟಿನ ಭಾರ ಹೊರಿಸಿದರೆ ಇನ್ನೇನಾಗುತ್ತದೆ? ಕಾರ್ಡ್ ಉಳಿದದ್ದು ನನ್ನ ಪುಣ್ಯ. ಅಡಾಪ್ಟರ್ ಬೇಕು ಅನ್ನಿಸಿದರೆ ಸಪ್ಲೈ ಬದಲಾಯಿಸುವ ಕಾಲ ಬಂತು ಎಂದೇ ತಿಳಿಯಿರಿ. ಬದಲಾಯಿಸುವಾಗ ಹಳೇ ಸಪ್ಲೈಯ ಬಿಚ್ಚುವ ವೈರುಗಳನ್ನು ಹೊಸದಕ್ಕೆ ಚುಚ್ಚಬೇಡಿ. ಸಪ್ಲೈ ಕಡೆಯ ಪಿನ್ನುಗಳ ಜೋಡಣೆ ಎಲ್ಲದರಲ್ಲೂ ಒಂದೇ ಇರುವುದಿಲ್ಲ, ತಪ್ಪಿದರೆ ಡಿಸ್ಕ್ ಕಾರ್ಡ್ ಎಲ್ಲಾ ಸುಟ್ಟುಹೋಗಬಹುದು.

ಫ್ರೇಮ್‌ಲೆಕ್ಕ

ಪ್ರೊಸೆಸರ್ ಸಾಕಾ ಇಲ್ಲವಾ ಎನ್ನುವುದನ್ನು ಹೊಸ ಕಾರ್ಡ್ ಕೊಳ್ಳುವ ಮೊದಲೇ ಪರೀಕ್ಷೆ ಮಾಡಬಹುದು. ಯಾರನ್ನೂ ಕೇಳಬೇಕಿಲ್ಲ. ಯಾವುದೋ ವೆಬ್‌ಸೈಟಿನಲ್ಲಿ ಎರಡು ಹೆಸರು ಹಾಕಿದರೆ ಬಾಟಲ್‌ನೆಕ್ (ಒಂದು ಭಾಗ ಇನ್ನೊಂದನ್ನು ತಡೆಹಿಡಿಯುವುದು) ಇಷ್ಟು ಪರ್ಸೆಂಟ್ ಎಂದು ತೋರಿಸುವ ಲೆಕ್ಕವನ್ನು ದಯವಿಟ್ಟು ನಂಬಬೇಡಿ. ನೀವು ಆಡುವುದು ಯಾವ ಗೇಮ್, ಯಾವ ಸೆಟ್ಟಿಂಗ್, ಅದಕ್ಕೇನು ಗೊತ್ತು?

ಹೀಗೆ ಮಾಡಿ. ನೀವು ನಿಜವಾಗಿ ಆಡುವ ಗೇಮ್ ತೆರೆಯಿರಿ. ಎಂಎಸ್‌ಐ ಆಫ್ಟರ್‌ಬರ್ನರ್ ಎನ್ನುವ ಸಾಫ್ಟ್‌ವೇರ್ ಹಾಕಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್ ಬರುತ್ತದೆ ಎನ್ನುವ ಸಂಖ್ಯೆ), ಕಾರ್ಡಿನ ಬಳಕೆ ಎರಡೂ ಪರದೆ ಮೇಲೆ ಕಾಣುವಂತೆ ಮಾಡಿಕೊಳ್ಳಿ. ಎಫ್‌ಪಿಎಸ್ ಮಿತಿ, ವಿ-ಸಿಂಕ್ (ಎಫ್‌ಪಿಎಸ್ ಅನ್ನು ಮಾನಿಟರಿನ ವೇಗಕ್ಕೆ ಕಟ್ಟಿಹಾಕುವ ಸೆಟ್ಟಿಂಗ್) ಎರಡೂ ಆಫ್ ಇರಲಿ. ಜನಜಂಗುಳಿ ಇರುವ, ಭಾರದ ಜಾಗಕ್ಕೆ ಹೋಗಿ ಸಂಖ್ಯೆ ಬರೆದುಕೊಳ್ಳಿ. ಆಮೇಲೆ ರೆಸಲ್ಯೂಶನ್ ಮಾತ್ರ 720ಪಿಗೆ ಇಳಿಸಿ, ಅದೇ ಜಾಗದಲ್ಲಿ ಮತ್ತೆ ನೋಡಿ. ಉಳಿದ ಸೆಟ್ಟಿಂಗ್ ಮುಟ್ಟಬೇಡಿ, ಯಾಕೆಂದರೆ ಎಷ್ಟು ದೂರ ಕಾಣಬೇಕು, ಎಷ್ಟು ಜನ ಓಡಾಡಬೇಕು ಎನ್ನುವಂಥವು ಪ್ರೊಸೆಸರಿಗೂ ಭಾರ, ಅವನ್ನೂ ಇಳಿಸಿದರೆ ಲೆಕ್ಕ ತಪ್ಪುತ್ತದೆ.

ರೆಸಲ್ಯೂಶನ್ ಇಳಿಸಿದ ಕೂಡಲೇ ಎಫ್‌ಪಿಎಸ್ ಜಿಗಿಯಿತಾ? ಹಾಗಾದರೆ ಕಾರ್ಡೇ ಹಿಂದೆ ಬಿದ್ದಿತ್ತು, ಹೊಸದು ಹಾಕಿದರೆ ಲಾಭ ಇದೆ. ಇದ್ದಲ್ಲೇ ಇತ್ತಾ? ಪ್ರೊಸೆಸರೋ ರ‍್ಯಾಮೋ ಸುಸ್ತಾಗಿದೆ, ಎಂಥ ಕಾರ್ಡ್ ಹಾಕಿದರೂ ಆ ಸಂಖ್ಯೆ ಹೆಚ್ಚು ಕಡಿಮೆ ಅಷ್ಟರಲ್ಲೇ ನಿಲ್ಲುತ್ತದೆ. ಟಾಸ್ಕ್ ಮ್ಯಾನೇಜರಿನಲ್ಲಿ ಪ್ರೊಸೆಸರ್ ಬಳಕೆ 50 ಪರ್ಸೆಂಟ್ ಎಂದು ತೋರಿಸಿದರೆ ಅದು ಆರಾಮಾಗಿದೆ ಎಂದುಕೊಳ್ಳಬೇಡಿ. ಒಂದು ಕೋರ್ ಪೂರ್ತಿ ತುಂಬಿ ಉಳಿದವು ಸುಮ್ನೆ ಕೂತಿದ್ದರೂ ಸರಾಸರಿ ಕಡಿಮೆಯೇ ಬರುತ್ತದೆ.

ನಿಶಾಚರ

ನನಗೆ 4060 ಬಗ್ಗೆಯೇ ಒಂದು ತಕರಾರಿದೆ. ಅದು ಸ್ಲಾಟಿನ 16 ಲೇನ್ (ಡೇಟಾ ಓಡಾಡುವ ದಾರಿ) ಪೈಕಿ 8 ಮಾತ್ರ ಬಳಸುತ್ತದೆ. 4.0 ಬೋರ್ಡಿನಲ್ಲಿ ಸೆಕೆಂಡಿಗೆ ಸುಮಾರು 16 ಜಿಬಿ, ಇವರ 3.0 ಬೋರ್ಡಿನಲ್ಲಿ ಅದರ ಅರ್ಧ. ಕಾರ್ಡಿನ 8 ಜಿಬಿ ಮೆಮೊರಿ ಸಾಕಾಗುವ ತನಕ ವ್ಯತ್ಯಾಸ ಕಣ್ಣಿಗೆ ಕಾಣುವುದು ಕಡಿಮೆ. ತುಂಬಿ ತುಳುಕಿದರೆ ಮಾತ್ರ ರ‍್ಯಾಮಿನಿಂದ ಎಳೆದುಕೊಳ್ಳಬೇಕು, ಆಗ ಗೇಮ್ ತಡವರಿಸುತ್ತದೆ. 3060 12 ಜಿಬಿ ಕಾರ್ಡ್ 16 ಲೇನ್ ಬಳಸುತ್ತದೆ, ಮೆಮೊರಿಯೂ ಜಾಸ್ತಿ. ಅದನ್ನೂ ಯೋಚಿಸಬಹುದು ಅಲ್ವಾ?

ತಂತಿ_ಮೇಷ್ಟ್ರು

ಯೋಚಿಸಬಹುದು, ಆದರೆ 3060ಗೆ 170 ವ್ಯಾಟ್ ಬೇಕು. ಆಗ ಸಪ್ಲೈ ಬದಲಾಯಿಸುವುದು ಕಡ್ಡಾಯ. 1080ಪಿಯಲ್ಲಿ ಆಡುವವರಿಗೆ, ಗೇಮಿನ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರಗಳ) ಸೆಟ್ಟಿಂಗ್ ಒಂದು ಮೆಟ್ಟಿಲು ಇಳಿಸಲು ಒಪ್ಪುವುದಾದರೆ, 4060 ಸಾಕು ಎನ್ನುವುದು ನನ್ನ ಮಾತು. ನಿಜವಾಗಿ ಹುಷಾರಾಗಬೇಕಾದದ್ದು ಆರ್‌ಎಕ್ಸ್ 6500 ಎಕ್ಸ್‌ಟಿ ಥರದ ಕಾರ್ಡುಗಳಿಗೆ. ಅದರಲ್ಲಿ 4 ಲೇನ್ ಮಾತ್ರ, ಮಾಮೂಲಿ ಮಾಡೆಲಿನಲ್ಲಿ ಮೆಮೊರಿಯೂ 4 ಜಿಬಿ. 3.0 ಬೋರ್ಡಿನಲ್ಲಿ ಅದು ನಿಜಕ್ಕೂ ಪೆಟ್ಟು ತಿನ್ನುತ್ತದೆ.

ಹಳೇಪಿಸಿ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಶನಿವಾರ ಪೂರ್ತಿ ಇದೇ ಕೆಲಸ ಮಾಡಿದೆ.

ಸಪ್ಲೈ ಲೇಬಲಿನಲ್ಲಿ 12 ವೋಲ್ಟಿಗೆ 25 ಆಂಪ್ ಎಂದಿದೆ. ಅಂದರೆ 300 ವ್ಯಾಟ್! ಹೊರಗೆ 500 ಎಂದು ದೊಡ್ಡದಾಗಿ ಬರೆದಿದ್ದಾರೆ. ಕಾರ್ಡಿನ ವೈರ್ ಒಂದೇ, ಅದೂ 6 ಪಿನ್.

ಎರಡು ಗೇಮ್ ಪರೀಕ್ಷೆ ಮಾಡಿದೆ. ಕಾಡಿನಲ್ಲಿ ತಿರುಗುವ ಗೇಮಿನಲ್ಲಿ 48 ಇದ್ದದ್ದು 720ಪಿಯಲ್ಲಿ 90 ದಾಟಿತು. ಅಲ್ಲಿ ಕಾರ್ಡೇ ತೊಂದರೆ, ಅನುಮಾನವಿಲ್ಲ. ಆದರೆ ದೊಡ್ಡ ಊರಿನಲ್ಲಿ ಕಾರು ಓಡಿಸುವ ಗೇಮಿನಲ್ಲಿ 55 ಇದ್ದದ್ದು 58 ಆಯಿತು ಅಷ್ಟೇ. ಅಲ್ಲಿ ಪ್ರೊಸೆಸರ್ ಕೈಕೊಟ್ಟಿದೆ. ಹಾಗಾದರೆ ಗೆಳೆಯ ಹೇಳಿದ್ದು ಅರ್ಧ ಸರಿ ಆಯಿತಾ?

ಫ್ರೇಮ್‌ಲೆಕ್ಕ

ಇಷ್ಟು ಚೆನ್ನಾಗಿ ಪರೀಕ್ಷೆ ಮಾಡಿ ಬರೆದಿದ್ದು ಖುಷಿ ಆಯಿತು. ಪ್ರೊಸೆಸರಿಗೆ ದುಡ್ಡು ಹಾಕುವ ಮೊದಲು ರ‍್ಯಾಮ್ ನೋಡಿ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಪೀಡ್ ಎಷ್ಟಿದೆ? ನಿಮ್ಮ ಎರಡು ಸ್ಟಿಕ್ ಯಾವ ಸ್ಲಾಟಿನಲ್ಲಿವೆ? ರೈಜೆನ್ 2600ರ ಒಳಗಿನ ಕೊಂಡಿಯ ವೇಗ ರ‍್ಯಾಮ್ ವೇಗಕ್ಕೆ ತಕ್ಕಂತೆ ಏರಿಳಿಯುತ್ತದೆ. ಹಾಗಾಗಿ ರ‍್ಯಾಮ್ ನಿಧಾನ ಇದ್ದರೆ ಇಡೀ ಪ್ರೊಸೆಸರ್ ನಿಧಾನ ಆಗುತ್ತದೆ.

ಹಳೇಪಿಸಿ

ನಿಮ್ಮ ಮಾತು ಕೇಳಿ ಬಾಗಿಲು ತೆಗೆದು ನೋಡಿದೆ. ಎರಡೂ ಸ್ಟಿಕ್ ಅಕ್ಕಪಕ್ಕದ ಸ್ಲಾಟಿನಲ್ಲಿದ್ದವು! ಅಂದರೆ ಇಷ್ಟು ವರ್ಷ ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡು ಚಾನೆಲ್ (ದಾರಿ) ಪೈಕಿ ಒಂದೇ ಬಳಕೆಯಲ್ಲಿತ್ತು. ಮ್ಯಾನುಯಲ್ ನೋಡಿ ಪ್ರೊಸೆಸರಿನಿಂದ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಹಾಕಿದೆ. ಸ್ಪೀಡ್ ಕೂಡ 2133ರಲ್ಲಿತ್ತು, ಸ್ಟಿಕ್ ಮೇಲೆ 3000 ಎಂದಿದೆ. ಬಯೋಸಿನಲ್ಲಿ (ಬೋರ್ಡಿನ ಒಳಗಿನ ಮೂಲ ಸಾಫ್ಟ್‌ವೇರ್) ಎಕ್ಸ್‌ಎಂಪಿ, ಅಂದರೆ ರ‍್ಯಾಮನ್ನು ಅದರ ಮೇಲೆ ಬರೆದ ವೇಗಕ್ಕೆ ಏರಿಸುವ ಸೆಟ್ಟಿಂಗ್, ಆನ್ ಮಾಡಿದೆ. ಅದೇ ಊರು, ಅದೇ ರಸ್ತೆ, ಅದೇ 720ಪಿ, ಈಗ 58 ಅಲ್ಲ, 71. ಒಂದು ರೂಪಾಯಿ ಖರ್ಚಿಲ್ಲ.

ಫ್ರೇಮ್‌ಲೆಕ್ಕ

ಅದ್ಭುತ! ಹಾಗಾದರೆ ಈಗ ಕಾರ್ಡ್, ಸಪ್ಲೈ ಎರಡೇ ತೆಗೆದುಕೊಳ್ಳಿ. 4060ಗೆ ಎನ್‌ವಿಡಿಯಾ ಹೇಳುವುದು 550 ವ್ಯಾಟ್ ಸಪ್ಲೈ, ಒಳ್ಳೆಯ 550 ಆದರೆ ಧಾರಾಳ. ಕ್ಯಾಬಿನೆಟ್ಟಿನಲ್ಲಿ ಕಾರ್ಡಿಗೆ ಎಷ್ಟು ಉದ್ದ ಜಾಗ ಇದೆ ಎಂದು ಅಳೆದುಕೊಂಡೇ ಆರ್ಡರ್ ಮಾಡಿ, ಮೂರು ಫ್ಯಾನಿನ ಮಾಡೆಲ್ ಆದರೆ ಮುಂದಿನ ಫ್ಯಾನಿಗೆ ತಾಗಬಹುದು.

71 ಸಾಲದು ಅನ್ನಿಸಿದ ದಿನ ಇದೇ ಬೋರ್ಡಿಗೆ ರೈಜೆನ್ 5 5600 ಹಾಕಬಹುದು, ಇದೇ ರ‍್ಯಾಮ್ ಸಾಕು. ನಿಮ್ಮ ಬೋರ್ಡಿನ ಪ್ರೊಸೆಸರ್ ಪಟ್ಟಿಯಲ್ಲಿ ಅದರ ಹೆಸರು ಇದೆಯಾ ನೋಡಿ. ಬಯೋಸ್ ಅಪ್‌ಡೇಟ್ ಮಾತ್ರ 2600 ಬೋರ್ಡಿನಲ್ಲಿ ಇರುವಾಗಲೇ ಮಾಡಿ. ಅದನ್ನು ತೆಗೆದು ಹೊಸದು ಹಾಕಿದ ಮೇಲೆ ಮಾಡಲು ಹೋದರೆ ಪರದೆಯೇ ಬರದಿರಬಹುದು.

ಹಳೇಪಿಸಿ

ಅಳತೆ ನೋಡಿದೆ, ಎರಡು ಫ್ಯಾನಿನ ಮಾಡೆಲ್ ಹಿಡಿಸುತ್ತದೆ. ಸಪ್ಲೈ ಮತ್ತು ಕಾರ್ಡ್ ಎರಡನ್ನೂ ಆರ್ಡರ್ ಮಾಡಿದ್ದೇನೆ. ಬಂದ ಮೇಲೆ ಕಾಡಿನ ಗೇಮಿನ ಹೊಸ ಸಂಖ್ಯೆ ಇಲ್ಲೇ ಹಾಕುತ್ತೇನೆ. ಗೆಳೆಯನ ಪಿಸಿಯಲ್ಲೂ ಸ್ಟಿಕ್ ಯಾವ ಸ್ಲಾಟಿನಲ್ಲಿವೆ ಎಂದು ನಾಳೆ ಹೋಗಿ ನೋಡಬೇಕು.