ತಾತನ ಪೆಟ್ಟಿಗೆಯ ಎರಡಡಿ ಸ್ಟೀಲ್ ಸ್ಕೇಲ್ ಯಾವ ಟೇಪಿಗೂ ತಾಳೆ ಆಗ್ತಿಲ್ಲ. ಇದೇನು?

ಗುಜರಿಪ್ರಿಯ
ರಾಜಾಜಿನಗರದ ಹಳೇ ಮನೆ ಖಾಲಿ ಮಾಡುವಾಗ ತಾತನ ಟೂಲ್ ಪೆಟ್ಟಿಗೆ ಸಿಕ್ಕಿತು. ಉಳಿ, ಅರ, ಕೈವಾರ ಎಲ್ಲ ಗೊತ್ತಿರುವವೇ. ಗೊತ್ತಾಗದ್ದು ಒಂದು ಸ್ಟೀಲ್ ಸ್ಕೇಲ್. ಎರಡು ಅಡಿಯದು, ದಪ್ಪ ಪಟ್ಟಿ, ಗೆರೆಗಳನ್ನು ತುಂಬಾ ನೀಟಾಗಿ ಕೊರೆದಿದ್ದಾರೆ. ಅಕ್ಷರ ಇರುವ ಜಾಗಕ್ಕೆ ತುಕ್ಕು ಹಿಡಿದಿದೆ.

ಟೇಪಿನ ಪಕ್ಕ ಇಟ್ಟರೆ ಮೊದಲ ಒಂದೆರಡು ಇಂಚಿನಲ್ಲಿ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. 12ರ ಗೆರೆ ಬರುವಷ್ಟರಲ್ಲಿ ಒಂದು ನೂಲು (1/8 ಇಂಚು) ಮುಂದೆ ಹೋಗಿರುತ್ತದೆ. ಇಷ್ಟು ಚೆನ್ನಾಗಿ ಮಾಡಿರುವ ಸ್ಕೇಲ್ ತಪ್ಪು ತೋರಿಸುವುದು ಹೇಗೆ? ತಾತ ಮರಗೆಲಸದವರು, ಆದರೆ ಕೆಲಸಕ್ಕಿದ್ದದ್ದು ಕಬ್ಬಿಣದ ಕಾರ್ಖಾನೆಯಲ್ಲಂತೆ. ಅದೂ ನನಗೆ ಅರ್ಥ ಆಗಿಲ್ಲ. ಇಟ್ಟುಕೊಳ್ಳಲಾ, ಗುಜರಿಗೆ ಹಾಕಲಾ?

ಟೆರೇಸ್ ಬಡಗಿ
ಬಿಸಿಲಿಗೆ ಹಿಗ್ಗಿರಬೇಕು. ಇಲ್ಲಾಂದ್ರೆ ಯಾವುದೋ ದೇಶದ ಹಳೇ ಇಂಚಿರಬೇಕು. ಕೆಲಸಕ್ಕಂತೂ ಬರಲ್ಲ, ಎಸ್‌ಜೆಪಿ ರೋಡಿನಲ್ಲಿ ಹೊಸದು ತಗೊಳ್ಳಿ ಗುರು.

ಲೇತ್ ಮಾಮ
ಗುಜರಿಗೆ ಹಾಕಬೇಡಿ, ಸ್ವಲ್ಪ ತಡೀರಿ.

ಬಿಸಿಲಿನ ಮಾತು ಆಗಲ್ಲ. ಎರಡಡಿ ಉಕ್ಕಿನ ಪಟ್ಟಿ 30 ಡಿಗ್ರಿ ಜಾಸ್ತಿ ಕಾದರೂ ಹಿಗ್ಗುವುದು ಕಾಲು ಮಿಲಿಮೀಟರಿಗಿಂತ ಕಡಿಮೆ. ತಣ್ಣಗಾದರೆ ಮತ್ತೆ ಮೊದಲಿನ ಅಳತೆಗೇ ಬರುತ್ತದೆ. ಬೇರೆ ದೇಶದ ಇಂಚೂ ಅಲ್ಲ. 1959ರಲ್ಲಿ ಇಂಚು ಅಂದರೆ 25.4 ಮಿ.ಮೀ. ಅಂತ ಗೊತ್ತು ಮಾಡುವ ಮೊದಲೂ ಬ್ರಿಟಿಷ್ ಇಂಚಿಗೂ ಅಮೆರಿಕದ ಇಂಚಿಗೂ ಇದ್ದ ವ್ಯತ್ಯಾಸ ಕಣ್ಣಿಗೆ ಕಾಣುವಂಥದ್ದಲ್ಲ.

ಒಂದು ಕೆಲಸ ಮಾಡಿ. ಸೊನ್ನೆಯಿಂದ 24ರ ಗೆರೆವರೆಗೆ ಎಷ್ಟು ಮಿಲಿಮೀಟರ್ ಇದೆ ಅಂತ ಅಳೆಯಿರಿ. ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತೆ, ಅದನ್ನು ನಂಬಬೇಡಿ. ಟೇಪಿನ 100ರ ಗೆರೆಗೆ ಸ್ಕೇಲಿನ ಸೊನ್ನೆ ಕೂಡಿಸಿ, ಆಮೇಲೆ 100 ಕಳೆಯಿರಿ. ಸರಿಯಾದ ಸ್ಕೇಲಾದರೆ 609.6 ಬರಬೇಕು. ಹಿಂದಿನ ಬದಿಯನ್ನೂ ಅಳೆಯಿರಿ.

ಗುಜರಿಪ್ರಿಯ
ಮುಂದಿನ ಬದಿ 616. ಹಿಂದಿನ ಬದಿ 619! ಒಂದೇ ಪಟ್ಟಿ, ಎರಡು ಕಡೆ ಎರಡು ತಪ್ಪು. ತಲೆ ಕೆಟ್ಟುಹೋಯ್ತು.

ಲೇತ್ ಮಾಮ
ಎರಡೂ ತಪ್ಪಲ್ಲ. ನಿಮ್ಮ ತಾತ ಪ್ಯಾಟರ್ನ್ ಮೇಕರ್. ಇದು ಅವರ ಶ್ರಿಂಕ್ ಸ್ಕೇಲ್. ಇಂಗ್ಲೆಂಡ್ ಕಡೆಯದಾದರೆ ಕಾಂಟ್ರಾಕ್ಷನ್ ರೂಲ್ ಅನ್ನುತ್ತಾರೆ.

ಎರಕ ಹೊಯ್ಯುವ ಮೊದಲು ಅದೇ ಆಕಾರದ್ದೊಂದು ಮರದ ಪ್ಯಾಟರ್ನ್ ಮಾಡುತ್ತಾರೆ. ಅದನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅಚ್ಚು. ಎರಕದ ಕಬ್ಬಿಣ ಗಟ್ಟಿಯಾಗುವುದು ಸುಮಾರು 1150 ಡಿಗ್ರಿಯಲ್ಲಿ. ಅಲ್ಲಿಂದ ತಣ್ಣಗಾಗುತ್ತಾ ಅಡಿಗೆ ಹೆಚ್ಚುಕಡಿಮೆ ಒಂದು ನೂಲು, ಅಂದರೆ 1/8 ಇಂಚು ಕುಗ್ಗುತ್ತದೆ. ಹಾಗಾಗಿ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ಎರಡಡಿಗೆ ಕಾಲು ಇಂಚು ಸೇರಿಸಿದರೆ 616 ಮಿ.ಮೀ. ನಿಮ್ಮ ಮುಂದಿನ ಬದಿ ಕಬ್ಬಿಣಕ್ಕೆ. ಹಿತ್ತಾಳೆ ಇನ್ನೂ ಜಾಸ್ತಿ ಕುಗ್ಗುತ್ತದೆ, ಅಡಿಗೆ ಒಂದೂವರೆ ನೂಲು. ಎರಡಡಿಗೆ 3/8 ಇಂಚು ಸೇರಿಸಿ, 619 ಬರುತ್ತದೆ. ಹಿಂದಿನ ಬದಿ ಹಿತ್ತಾಳೆಗೆ. ಉಕ್ಕಿನ ಎರಕಕ್ಕೆ ಅಡಿಗೆ ಎರಡು ನೂಲು ಬಿಡುವ ಸ್ಕೇಲ್ ಕೂಡ ಇರುತ್ತೆ.

ಕಬ್ಬಿಣದ ಕಾರ್ಖಾನೆಯಲ್ಲಿ ಬಡಗಿಗೆ ಏನು ಕೆಲಸ ಅಂದ್ರಲ್ಲ, ಇದೇ ಕೆಲಸ. ಫೌಂಡ್ರಿಯಲ್ಲಿ, ಅಂದರೆ ಎರಕದ ಕಾರ್ಖಾನೆಯಲ್ಲಿ, ಅವರಿಗೆ ಒಳ್ಳೇ ಮರ್ಯಾದೆ ಇರುತ್ತಿತ್ತು.

ಟೆರೇಸ್ ಬಡಗಿ
ಅಡಿಗೆ ಒಂದು ನೂಲು ಅಂತ ಲೆಕ್ಕ ಹಾಕಿ ಮಾಮೂಲಿ ಸ್ಕೇಲಿನಲ್ಲೇ ಮಾಡಬಹುದಲ್ವಾ? ಸುಮ್ನೆ ಇನ್ನೊಂದು ಸ್ಕೇಲ್ ಯಾಕೆ?

ಪೀಣ್ಯದವ
ಒಂದು ಅಳತೆಗಾದರೆ ಮಾಡಬಹುದು ಸರ್. ಒಂದು ಪಂಪ್ ಬಾಡಿ ಡ್ರಾಯಿಂಗಿನಲ್ಲಿ ಎಷ್ಟು ಅಳತೆ ಇರುತ್ತೆ ನೋಡಿದ್ದೀರಾ? ಏಳೂ ಐದೆಂಟಾಂಶ ಇಂಚಿಗೆ ಎಷ್ಟು ಸೇರಿಸಬೇಕು ಅಂತ ಪ್ರತಿ ಸಲ ಲೆಕ್ಕ ಹಾಕುತ್ತಾ ಕೂತರೆ ಎಲ್ಲೋ ಒಂದು ಕಡೆ ಕೈ ಕೊಡುತ್ತೆ. ಈ ಸ್ಕೇಲಿನಲ್ಲಿ ಲೆಕ್ಕವೇ ಬೇಡ. ಡ್ರಾಯಿಂಗಿನಲ್ಲಿ 7 5/8 ಇದ್ದರೆ ಇದರ 7 5/8ಕ್ಕೆ ಗೀಟು ಹಾಕಿ. ಹೆಚ್ಚುವರಿ ಅದರಲ್ಲೇ ಬಂತು.

ಲೇತಿನಲ್ಲಿ ಕಡಿಯುವ ಜಾಗಕ್ಕೆ ಬಿಡುವ ದಪ್ಪ ಬೇರೆ. ಮರಳಿನಿಂದ ಸಲೀಸಾಗಿ ಎದ್ದು ಬರಲಿ ಅಂತ ಕೊಡುವ ಇಳಿಜಾರೂ ಬೇರೆ. ಅವು ಸ್ಕೇಲಿನಲ್ಲಿ ಇರಲ್ಲ, ಪ್ಯಾಟರ್ನ್ ಮೇಕರ್ ತಲೆಯಲ್ಲಿರುತ್ತೆ. ಇನ್ನೊಂದು ಮಜಾ ಇದೆ. ಪ್ಯಾಟರ್ನನ್ನೇ ಅಲ್ಯೂಮಿನಿಯಂನಲ್ಲಿ ಎರಕ ಹೊಯ್ದು, ಅದರಿಂದ ಕಬ್ಬಿಣದ್ದು ಹೊಯ್ಯುವುದಾದರೆ ಎರಡು ಸಲ ಕುಗ್ಗುತ್ತೆ. ಅಲ್ಯೂಮಿನಿಯಂಗೆ 5/32, ಕಬ್ಬಿಣಕ್ಕೆ 1/8, ಎರಡೂ ಕೂಡಿ ಅಡಿಗೆ ಎರಡೂಕಾಲು ನೂಲು. ಮೊದಲ ಮರದ ಪ್ಯಾಟರ್ನಿನಲ್ಲೇ ಅಷ್ಟೂ ಬಿಡಬೇಕು.

ಈಗ ಕಂಪ್ಯೂಟರಿನಲ್ಲಿ ಮಾಡೆಲ್ ಮಾಡಿ 1.01ರಷ್ಟು ದೊಡ್ಡದು ಮಾಡಿದರೆ ಆಯ್ತು. ಆದರೂ ಈ ಅಂಕಿಗಳೆಲ್ಲ ಶುರು ಮಾಡೋಕೆ ಮಾತ್ರ. ಎರಕದ ಒಳಗೆ ಟೊಳ್ಳು ಬರಲಿ ಅಂತ ಅಚ್ಚಿನಲ್ಲಿ ಇಡುವ ಕೋರ್ ಅಡ್ಡ ನಿಂತರೆ ಎರಕ ಅಷ್ಟು ಕುಗ್ಗಲ್ಲ.

ಗುಜರಿಪ್ರಿಯ
ಮೈ ಜುಂ ಅಂತು. ಒಂದು ಪ್ರಶ್ನೆ. ಅಟ್ಟದ ಮೇಲೆ ಬಣ್ಣ ಬಳಿದ ಮರದ ಗಾಲಿ, ಉದ್ದಕ್ಕೆ ಸೀಳಿದ ಪೈಪಿನ ಥರದ ತುಂಡು ಒಂದಷ್ಟಿವೆ. ಸೌದೆ ಅಂತ ಮೂಟೆ ಕಟ್ಟಿದ್ದೆ. ತುಕ್ಕನ್ನು ಎಮರಿ ಪೇಪರಿನಲ್ಲಿ ಉಜ್ಜಲಾ?

ಲೇತ್ ಮಾಮ
ಎಮರಿ ಮುಟ್ಟಲೇಬೇಡಿ, ಗೆರೆ ಮಾಯ ಆಗುತ್ತೆ. ಹೊಲಿಗೆ ಮೆಷಿನ್ ಎಣ್ಣೆ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ, ಬಟ್ಟೆಯಲ್ಲಿ ಒರೆಸಿ. ಗೆರೆಯೊಳಗೆ ಕಪ್ಪು ಉಳಿದರೆ ಒಳ್ಳೇದೇ, ಓದೋಕೆ ಸುಲಭ.

ಮೂಟೆ ಮೊದಲು ಬಿಚ್ಚಿ. ಅವೇ ಪ್ಯಾಟರ್ನ್‌ಗಳು. ಸೀಳಿದ ತುಂಡಿಗೆ ಜೋಡಿ ಇರುತ್ತೆ. ಒಂದರಲ್ಲಿ ಗೂಟ, ಇನ್ನೊಂದರಲ್ಲಿ ತೂತು, ಕೂಡಿಸಿ ನೋಡಿ. ತುದಿಯಲ್ಲಿ ಮೊಂಡಾಗಿ ಚಾಚಿರುವುದು ಕೋರ್ ಕೂರುವ ಜಾಗ, ಅದನ್ನು ಕತ್ತರಿಸಬೇಡಿ. ಆಮೇಲೆ ಲೇತಿನಲ್ಲಿ ಕಡಿಯದೆ ಬಿಡುವ ಭಾಗ ಹುಡುಕಿ, ಮರದ ಎಳೆ ಹೋಗುವ ದಿಕ್ಕಿನಲ್ಲಿ ಸ್ಕೇಲಿನ ಎರಡೂ ಬದಿಯಿಂದ ಅಳೆಯಿರಿ. ಯಾವ ಬದಿಯಲ್ಲಿ ಪೂರ್ತಿ ಅಂಕಿ ಬರುತ್ತೋ ಆ ಲೋಹಕ್ಕೆ ಮಾಡಿದ್ದು.

ಗುಜರಿಪ್ರಿಯ
ತುಕ್ಕು ಬಿಟ್ಟಿತು. ಇಂಗ್ಲಿಷ್ ಅಕ್ಷರದಲ್ಲಿ 'ಶ್ರಿಂಕ್ 1/8 ಟು ಫುಟ್' ಅಂತಿದೆ. ಹಿಂದೆ 3/16. ಪೈಪಿನ ಒಂದು ಜೋಡಿ ಟಕ್ ಅಂತ ಕೂತಿತು. ಅದರ ಉದ್ದ ಟೇಪಿನಲ್ಲಿ 308 ಮಿ.ಮೀ., ತಾತನ ಸ್ಕೇಲಿನ ಮುಂದಿನ ಬದಿಯಲ್ಲಿ ಸರಿಯಾಗಿ 12.

ಪೀಣ್ಯದವ
ಹಂಗಾದ್ರೆ ಕಬ್ಬಿಣದ್ದು. ಗಾಲಿಯದೂ ಅಳೆದು ಹಾಕಿ.