ಡಯಾಲಿಸಿಸ್ ರೋಗಿಗಳ ಉಸಿರಿನ ಅಮೋನಿಯ: ರೀಡಿಂಗ್ ಯಾಕೆ ಇಳಿಯುತ್ತಿಲ್ಲ?

ಪ್ರಶ್ನೆ: ಡಯಾಲಿಸಿಸ್ ಮುಗಿದ ಮೇಲೆ ರಕ್ತದ ಯೂರಿಯಾ (ಕಿಡ್ನಿ ಹೊರಹಾಕಬೇಕಾದ ತ್ಯಾಜ್ಯ) ಚೆನ್ನಾಗಿಯೇ ಇಳಿದಿರುತ್ತದೆ, ಆದರೆ ಕೆಲವರ ಉಸಿರಿನ ಅಮೋನಿಯ ಇಳಿಯುವುದಿಲ್ಲ. ಎಲ್ಲಿ ತಪ್ಪುತ್ತಿದೆ?

ಉತ್ತರ 1: ಬಾಯಿಂದ ಊದಿಸುತ್ತಿದ್ದೀರಾ? ಹಾಗಾದರೆ ಅಳೆಯುತ್ತಿರುವುದು ಬಹುಪಾಲು ಬಾಯಿಯನ್ನೇ. ಜೊಲ್ಲಿನ ಯೂರಿಯಾವನ್ನು ಅಲ್ಲಿನ ಬ್ಯಾಕ್ಟೀರಿಯಾದ ಯೂರಿಯೇಸ್ ಎಂಬ ಕಿಣ್ವ ಒಡೆದು ಅಮೋನಿಯ ಮಾಡುತ್ತದೆ. ಮೂಗಿನಿಂದ ಬಿಟ್ಟ ಉಸಿರನ್ನೂ ಅಳೆದು ಹೋಲಿಸಿ. ಸಾಮಾನ್ಯವಾಗಿ ಕಡಿಮೆ ಬರುತ್ತದೆ.

ಉತ್ತರ 2: ಉಸಿರನ್ನು ಮೀಟರಿಗೆ ಒಯ್ಯುವ ಟ್ಯೂಬನ್ನೂ ನೋಡಿ ಸರ್. ತಣ್ಣಗಿದ್ದರೆ ಒಳಗೆ ನೀರಾವಿ ಹನಿಗಟ್ಟಿ, ಅಮೋನಿಯ ಅದರಲ್ಲೇ ಕರಗಿ ಕೂರುತ್ತದೆ. ಆಮೇಲೆ ನಿಧಾನಕ್ಕೆ ಬಿಟ್ಟುಕೊಂಡು ಮುಂದಿನ ರೋಗಿಯ ರೀಡಿಂಗ್ ಕೆಡಿಸುತ್ತದೆ. 40 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿಯಾಗಿಡಿ, ನಡುವೆ ಒಣಗಾಳಿ ಹಾಯಿಸಿ. ಉಸಿರನ್ನು ಬ್ಯಾಗಿನಲ್ಲಿ ಹಿಡಿದಿಡುವುದಂತೂ ಬೇಡ.

ಪ್ರಶ್ನೆ ಕೇಳಿದವರು: ಬಾಯಿ ಮುಕ್ಕಳಿಸಿದರೆ?

ಉತ್ತರ 3: ಸಿಟ್ರಿಕ್ ಆಸಿಡ್ ನೀರಾದರೆ ಅಮೋನಿಯ ಅಮೋನಿಯಂ (ಗಾಳಿಗೆ ಹಾರದ ರೂಪ) ಆಗಿ ಜೊಲ್ಲಿನಲ್ಲೇ ಉಳಿಯುತ್ತದೆ, ರೀಡಿಂಗ್ ಸರ‍್ರನೆ ಬೀಳುತ್ತದೆ. ಡಯಾಲಿಸಿಸ್‌ಗೆ ಮುಂಚೆ, ಆಮೇಲೆ ಎರಡು ಸಲವೂ ಒಂದೇ ಕ್ರಮ ಇರಲಿ. ನೀರನ್ನು ಉಗುಳಿಸಿ, ಇವರಿಗೆ ಕುಡಿಯುವ ಮಿತಿ ಇರುತ್ತದಲ್ಲ.