ಸ್ಪೂಲ್ ರೆಕಾರ್ಡರ್ ಮೋಟಾರಿನ ಬೇರಿಂಗ್ ತೆಗೆಯೋದು ಹೇಗೆ?

ಕಾರವಾರದಿಂದ:
ಅಪ್ಪನ ಸ್ಪೂಲ್ ಟೇಪ್ ರೆಕಾರ್ಡರಿನ ಮೋಟಾರು ಕರಕರ ಅಂತದೆ, ಟೇಪಿನಲ್ಲಿರೋ ಭಾಗವತಿಕೆ ಅಲೆಅಲೆಯಾಗಿ ಕೇಳ್ತದೆ. ಬಿಚ್ಚಿದೆ. 608 ಬೇರಿಂಗು, ಉಪ್ಪುಗಾಳಿಗೆ ಅಂಚೆಲ್ಲ ತುಕ್ಕು. ಅಲ್ಯೂಮಿನಿಯಂ ಮುಚ್ಚಳದೊಳಗೆ ಬಿಗಿಯಾಗಿ ಕೂತಿದೆ, ಹಿಂದಿನಿಂದ ತಟ್ಟಲು ತೂತಿಲ್ಲ. ಮುಚ್ಚಳ ಒಡೆದರೆ ಬೇರೆ ಸಿಗೋದಿಲ್ಲ.

ಶಿರಸಿಯಿಂದ:
ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ ಮಾರಾಯ್ರೇ! ಮುಚ್ಚಳವನ್ನು ಹಾಟ್ ಏರ್ ಗನ್ನಿನಿಂದ ಮುಟ್ಟಲಾಗದಷ್ಟು ಬಿಸಿ ಮಾಡಿ, ದಪ್ಪ ಬಟ್ಟೆಯಲ್ಲಿ ಹಿಡಿದು ಮರದ ಹಲಗೆಗೆ ಕವುಚಿ ಬಡೀರಿ. ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ತದೆ, ಹಿಡಿತ ಸಡಿಲಾಗಿ ಬೇರಿಂಗು ಹೊರಗೆ ಬರ್ತದೆ. ಹೊಸದನ್ನು ಕೂರಿಸುವಾಗ ಹೊರಗಿನ ಉಂಗುರ ಮಾತ್ರ ಒತ್ತಿ. ಒಳಗಿನದನ್ನು ಒತ್ತಿದರೆ ಭಾರವೆಲ್ಲ ಗೋಲಿಗಳ ಮೇಲೆ ಬಿದ್ದು, ಅವು ಓಡುವ ದಾರಿಯಲ್ಲಿ ಸಣ್ಣ ಕುಳಿಗಳಾಗ್ತವೆ. ಹೊಸ ಬೇರಿಂಗೂ ಕರಕರ ಅನ್ನೋದು ಆಗಲೇ.

ಕುಮಟಾದಿಂದ:
608 ಅಂದರೆ ಒಳಗೆ 8, ಹೊರಗೆ 22, ದಪ್ಪ 7 ಮಿ.ಮೀ. ಸ್ಕೇಟಿಂಗ್ ಚಕ್ರಕ್ಕೂ ಇದೇ ಅಳತೆ, ಆದರೆ ಆ ಅಗ್ಗದ ಮಾಲು ಖಂಡಿತ ಬೇಡ, ಸದ್ದು ಮಾಡ್ತದೆ. ಬೇರಿಂಗಿನ ಬದಿಗೆ ತಗಡಿನ ಮುಚ್ಚಳ ಇರೋದು ಹಗುರಾಗಿ ತಿರುಗ್ತದೆ. ರಬ್ಬರ್ ಸೀಲಿನದು ತೇವ ತಡೀತದೆ, ತುಸು ಬಿಗಿ.

ಕಾರವಾರದಿಂದ:
ಬಂತು! ಮುಚ್ಚಳಕ್ಕೆ ಗೀರೂ ಬಿದ್ದಿಲ್ಲ. ಟೇಪ್ ಎಳೆಯೋ ದಂಡದ (ಕ್ಯಾಪ್‌ಸ್ಟನ್) ಕಂಚಿನ ಬುಷ್ಷನ್ನೂ ತೆಗೀಬೇಕಾ?

ಶಿರಸಿಯಿಂದ:
ಶಾಫ್ಟ್ ಅಲುಗಾಡದಿದ್ದರೆ ಮುಟ್ಟಬೇಡಿ. ಅಂಥ ಬುಷ್ ಸಾಮಾನ್ಯವಾಗಿ ಎಣ್ಣೆ ಹೀರಿಕೊಳ್ಳೋ ಜಾತಿದು, ಗ್ರೀಸ್ ಹಚ್ಚಿದರೆ ಸೂಕ್ಷ್ಮ ರಂಧ್ರ ಮುಚ್ಚಿಹೋಗ್ತದೆ. ಹಳೇ ಜಿಡ್ಡು ಒರೆಸಿ ತೆಳು ಮೆಷಿನ್ ಎಣ್ಣೆ ಒಂದೆರಡು ಹನಿ ಬಿಡಿ, ರಬ್ಬರ್ ರೋಲರಿಗೆ ತಾಗದ ಹಾಗೆ.